ಒಂದಡಿಕೆ ನೋಡಿ ಚೀಲಕ್ಕೆ ದರ ಕಟ್ಟಬೇಡಿ

ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಶಿರಾಳಕೊಪ್ಪದ ಬಸ್ಸಿಗೆ ಕಾದು ನಿಂತವರ ನಡುವೆ ಟೆಸ್ಟ್ ಪಂದ್ಯದ ಮಾತು ಎದ್ದಿತೆಂದರೆ ಬಸ್ಸು ಬಂದದ್ದೂ ಗೊತ್ತಾಗುವುದಿಲ್ಲ. ಹತ್ತಿ ಕೂತ ಮೇಲೂ ಮಾತು ನಿಲ್ಲುವುದಿಲ್ಲ. ಸೊರಬದಲ್ಲಿ ಇಳಿಯುವ ಹೊತ್ತಿಗೆ ಅರ್ಧ ತಂಡ ಬದಲಾಗಿರುತ್ತದೆ, ಆಯ್ಕೆಗಾರರೆಲ್ಲ ಮನೆಗೆ ಹೋಗಿರುತ್ತಾರೆ. ಅಂಗಡಿ ಕಟ್ಟೆಯ ಕಥೆಯೂ ಇದೇ. ಗಿರಾಕಿ ಅರ್ಧ ಕಿಲೋ ಸಕ್ಕರೆ ಕೇಳಿದರೆ ಸಾಹುಕಾರರು ಸಕ್ಕರೆಯ ಜೊತೆಗೇ ಆಟಗಾರನನ್ನೂ ತೂಗಿಬಿಡುತ್ತಾರೆ. ತೂಗಲಿ, ತಪ್ಪೇನಿಲ್ಲ. ಹರಟೆಗೆ ಸುಂಕವಿಲ್ಲ. ಆದರೆ ತೂಕ ಸರಿಯಿರಬೇಕಲ್ಲ?

2025ರ ಇಂಗ್ಲೆಂಡ್ ಪ್ರವಾಸದ ಮಾತನ್ನೇ ತೆಗೆದುಕೊಳ್ಳಿ. ಐದು ಟೆಸ್ಟುಗಳ ಆ ಸರಣಿ 2-2ರಲ್ಲಿ ಸಮವಾಯಿತು. ನಾಯಕ ಶುಭಮನ್ ಗಿಲ್ 754 ರನ್ನು ಹೊಡೆದರು, ಕರ್ನಾಟಕದ ಕೆ.ಎಲ್. ರಾಹುಲ್ 532. ಇವರ ಬಗ್ಗೆ ಯಾರದೂ ತಕರಾರಿಲ್ಲ. ಜಗಳವೆಲ್ಲ ಕರ್ನಾಟಕದ ಇನ್ನಿಬ್ಬರದು: ಪ್ರಸಿದ್ಧ್ ಕೃಷ್ಣ ಮತ್ತು ಕರುಣ್ ನಾಯರ್.

ಲೀಡ್ಸ್‌ನಲ್ಲಿ ಪ್ರಸಿದ್ಧ್ ಐದು ವಿಕೆಟ್ ಪಡೆದರೂ 35 ಓವರುಗಳಲ್ಲಿ 220 ರನ್ನು ಕೊಟ್ಟರು. ‘ಇವನಿಗೆ ಚೆಂಡು ಕೊಟ್ಟವರು ಯಾರಪ್ಪಾ?’ ಎಂದು ಕಟ್ಟೆ ಕೂಗಿತು. ಅದೇ ಪ್ರಸಿದ್ಧ್ ಓವಲ್‌ನ ಕೊನೆಯ ಟೆಸ್ಟಿನಲ್ಲಿ ಎರಡು ಸಲವೂ ನಾಲ್ಕು ನಾಲ್ಕು ವಿಕೆಟ್ ಕಿತ್ತರು. ಆಗ ಕೂಗಿದವರೇ ‘ನಾನು ಮೊದಲೇ ಹೇಳಿದ್ದೆ’ ಎಂದರು. ಮಹಮದ್ ಸಿರಾಜ್ ಕಥೆ ಇನ್ನೂ ಸೊಗಸು. ಆಗಸ್ಟ್ 3ರ ಭಾನುವಾರ ಹ್ಯಾರಿ ಬ್ರೂಕ್ ಕೊಟ್ಟ ಕ್ಯಾಚು ಹಿಡಿದು, ಹಿಂದಕ್ಕೆ ಹೆಜ್ಜೆಯಿಟ್ಟು ಬೌಂಡರಿ ಹಗ್ಗ ಮೆಟ್ಟಿದರು. 19ರಲ್ಲಿ ಹೋಗಬೇಕಿದ್ದ ಬ್ರೂಕ್ 111 ಹೊಡೆದರು. ಆ ಸಂಜೆ ಸಿರಾಜ್ ಊರಿಗೆಲ್ಲ ಖಳನಾಯಕ. ಸೋಮವಾರ ಸಂಜೆ ಕಾಫಿ ಹೊತ್ತಿಗೆ ಕೊನೆಯ ವಿಕೆಟ್ ಉರುಳಿಸಿ 6 ರನ್ನಿನ ಗೆಲುವು ತಂದಾಗ ಅವರೇ ಮಹಾವೀರ! ಮನುಷ್ಯ ಅವನೇ, ಚೆಂಡು ಹಿಡಿದ ಕೈ ಅದೇ. ಬದಲಾದದ್ದು ಕಟ್ಟೆಯ ತಕ್ಕಡಿ.

ಕರುಣ್ ನಾಯರ್ ವಿಷಯಕ್ಕೆ ಬಂದರೆ ಈ ತಕ್ಕಡಿ ಪೂರಾ ವಾಲುತ್ತದೆ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ವಿರುದ್ಧ ಅಜೇಯ 303 ಬಾರಿಸಿದ ದಾಂಡಿಗ ಇವರು. ಅದು ಅವರ ಮೂರನೆಯ ಟೆಸ್ಟು ಅಷ್ಟೇ. ಮುಂದಿನ ಟೆಸ್ಟಿಗೇ ಜಾಗ ಹೋಯಿತು. 2017ರಲ್ಲಿ ಆಸ್ಟ್ರೇಲಿಯ ವಿರುದ್ಧ ಮೂರು ಪಂದ್ಯ ಸಿಕ್ಕವು, ಮತ್ತೆ ಎಂಟು ವರ್ಷ ಇಲ್ಲ. ವಿದರ್ಭಕ್ಕೆ ಹೋಗಿ, ಆ ತಂಡ 2024-25ರ ರಣಜಿ ಗೆದ್ದಾಗ ಫೈನಲಿನಲ್ಲಿ ಶತಕ ಹೊಡೆದು, ಮತ್ತೆ ಬಾಗಿಲು ತೆಗೆಸಿಕೊಂಡರು. ಇಂಗ್ಲೆಂಡಿನಲ್ಲಿ ಎಂಟು ಇನಿಂಗ್ಸ್‌ಗಳಲ್ಲಿ 205 ರನ್ನು, ಅರ್ಧ ಶತಕ ಒಂದೇ. ಅದರ ಮುಂದಿನ ಸರಣಿಗೆ ಹೆಸರಿಲ್ಲ.

ಆಯ್ಕೆಗಾರರ ಮಾತಿನಲ್ಲೂ ಹುರುಳಿದೆ ಎನ್ನದೆ ವಿಧಿಯಿಲ್ಲ. ಮೂರನೆಯ ಮತ್ತು ಆರನೆಯ ಕ್ರಮಾಂಕದಲ್ಲಿ ಆಡುವವನಿಂದ ಅಷ್ಟು ಸಾಲದು. ಆದರೆ ಆ ಒಂದೇ ಅರ್ಧ ಶತಕ ಬಂದದ್ದು ಎಲ್ಲಿ? ಓವಲ್‌ನ ಹಸಿರು ಪಿಚ್ಚಿನ ಮೇಲೆ. ಭಾರತ 224ಕ್ಕೆ ಮುಗಿದಾಗ ಅತಿ ಹೆಚ್ಚಿನ ಗಳಿಕೆ ಅವರ 57. ಪಂದ್ಯ ಗೆದ್ದದ್ದು ಆರೇ ಆರು ರನ್ನಿನಿಂದ. ಆ 57ರ ತೂಕವೆಷ್ಟು ಎಂಬುದನ್ನು ಸರಾಸರಿ ಹೇಳುವುದಿಲ್ಲ, ಆಟ ನೋಡಿದ ಕಣ್ಣು ಹೇಳುತ್ತದೆ.

ಈ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟು ಆಡಿದಾಗ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಎರಡನೆಯದರಲ್ಲಿ 137. ಮೊದಲ ಸಂಜೆಯೇ ತೀರ್ಪು ಕೊಟ್ಟಿದ್ದರೆ 91 ಟೆಸ್ಟು, 6080 ರನ್ನಿನ ಆ ವಿಶ್ವನಾಥ್ ಎಲ್ಲಿರುತ್ತಿದ್ದರು? 1975ರಲ್ಲಿ ಮದರಾಸಿನಲ್ಲಿ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತು ಭಾರತವನ್ನು 190ಕ್ಕೆ ಕೆಡವಿದಾಗ ಅವರು ಅಜೇಯ 97. ಶತಕವಲ್ಲ ಅದು. ಆದರೂ ಅವರ 14 ಶತಕಗಳಿಗಿಂತ ಆ 97ನ್ನೇ ಜನ ಇವತ್ತಿಗೂ ನೆನೆಯುತ್ತಾರೆ.

ಅಡಿಕೆ ಬೆಳೆಯುವ ಸೀಮೆ ಇದು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿ ದರ ಕಟ್ಟುವುದು ಇಲ್ಲಿಯ ಜನಕ್ಕೆ ಗೊತ್ತು. ಯಾವ ಮಂಡಿಯವರೂ ಒಂದಡಿಕೆ ಎತ್ತಿ ನೋಡಿ ಇಡೀ ಚೀಲಕ್ಕೆ ದರ ಹೇಳುವುದಿಲ್ಲ. ಹೇಳಿದರೆ ರೈತ ಒಪ್ಪುವುದೂ ಇಲ್ಲ. ಅಡಿಕೆಗೆ ತೋರುವ ನ್ಯಾಯ ಆಟಗಾರನಿಗೆ ಯಾಕಿಲ್ಲ?

ಇದು ದೂರದ ಇಂಗ್ಲೆಂಡಿನ ವಿಚಾರ ಮಾತ್ರ ಆಗಿದ್ದರೆ ನಕ್ಕು ಬಿಡಬಹುದಿತ್ತು. ಕಟ್ಟೆಯ ಮೇಲೆ ಕಲಿತ ಅಭ್ಯಾಸ ಊರಿನ ಮೈದಾನಕ್ಕೂ ಇಳಿಯುತ್ತದೆ. ಎರಡು ಸಲ ಸೊನ್ನೆಗೆ ಔಟಾದ ಹೈಸ್ಕೂಲು ಹುಡುಗನಿಗೆ ‘ನಿನ್ನ ಕೈಲಾಗಲ್ಲ, ಹೋಗೋ’ ಎನ್ನುವವರು ಗೆಳೆಯರು. ‘ಬ್ಯಾಟು ಮೂಲೆಗಿಡು, ಅಂಗಡೀಲಿ ಕೂತ್ಕೋ’ ಎನ್ನುವವರು ಅಪ್ಪಂದಿರು. ಹೀಗೆ ಹೇಳುವವರೇ ಸಂಜೆ ಕೂತು, ಕರುಣ್‌ಗೆ ಇನ್ನೊಂದು ಅವಕಾಶ ಕೊಡಬೇಕಿತ್ತೆಂದು ವಾದ ಮಾಡುತ್ತಾರೆ. ಮನೆಯ ಹುಡುಗನಿಗೆ ಆ ಇನ್ನೊಂದು ಅವಕಾಶ ಬೇಡವೇ?

ಇದಕ್ಕೆ ಮದ್ದು ಜಿಲ್ಲೆಯೊಳಗೇ ಇದೆ. 2025ರ ಅಕ್ಟೋಬರಿನಲ್ಲಿ ಶಿವಮೊಗ್ಗದ ನವುಲೆ ಮೈದಾನದಲ್ಲಿ ಕರ್ನಾಟಕ–ಗೋವಾ ರಣಜಿ ಪಂದ್ಯ ನಡೆಯಿತು. ತಂಡದಿಂದ ಹೊರಬಿದ್ದ ಅದೇ ಕರುಣ್, ಕರ್ನಾಟಕದ 371ರಲ್ಲಿ ಅಜೇಯ 174 ಹೊಡೆದರು. ಪಂದ್ಯ ಡ್ರಾ ಆಯಿತು, ಅದು ಬೇರೆ ಮಾತು. ಕೈಬಿಟ್ಟ ಮನುಷ್ಯ ಸಿಡುಕದೆ, ದೂರದೆ, ಚೆಂಡಿಗೊಂದು ಚೆಂಡು ಎಂದು ಹೇಗೆ ಬದುಕು ಕಟ್ಟಿಕೊಳ್ಳುತ್ತಾನೆಂಬ ಪಾಠ ಬಸ್ಸಿನ ದಾರಿಯಲ್ಲೇ ಇತ್ತು. ಶಿಕಾರಿಪುರ, ಸೊರಬದಿಂದ ಹೋಗಿ ನೋಡಿದವರೆಷ್ಟು ಮಂದಿ? ಫೋನಿನಲ್ಲಿ ಸ್ಕೋರು ನೋಡಿ ಸುಮ್ಮನಾದವರೆಷ್ಟು ಮಂದಿ? ಲೆಕ್ಕ ಅವರವರಿಗೇ ಗೊತ್ತು.

ಮುಂದಿನ ಸಲ ನವುಲೆಗೆ ರಣಜಿ ಪಂದ್ಯ ಬಂದಾಗ ಎರಡೂ ತಾಲ್ಲೂಕುಗಳ ಶಾಲೆಗಳ ದೈಹಿಕ ಶಿಕ್ಷಕರು ಒಂದೊಂದು ಬಸ್ಸು ಹುಡುಗರನ್ನು ಕರೆದೊಯ್ಯಲಿ. ಬಾಡಿಗೆಗೆ ಪೇಟೆಯ ವರ್ತಕರು ತಲಾ ಇಷ್ಟು ಅಂತ ಹಾಕಲಿ. ಗಣಪತಿ ಪೆಂಡಾಲಿಗೆ ಕೊಡುವ ಕೈಗೆ ಇದು ಭಾರವಾಗದು. ಇಡೀ ದಿನ ಒಬ್ಬ ದಾಂಡಿಗ ಬಿಸಿಲಲ್ಲಿ ನಿಂತು ಆಡುವುದನ್ನು ಆ ಮಕ್ಕಳು ಕಣ್ಣಾರೆ ನೋಡಲಿ. ಜೊತೆಗೆ ದೊಡ್ಡವರೂ ಹೋಗಲಿ.

ಬರುವಾಗ ಬಸ್ಸಿನಲ್ಲಿ ಬೇಕಾದಷ್ಟು ಜಗಳವಾಡಲಿ. ನೋಡಿ ಬಂದವರ ಜಗಳಕ್ಕೆ ತೂಕವಿರುತ್ತದೆ.