ಗೋಪುರವನ್ನಷ್ಟೇ ಕಂಡು ಬರುವವರು

ಮೆಕ್ಸಿಕೋ ನಗರಕ್ಕೆ ಹೋಗಿಬಂದ ನಮ್ಮ ಪ್ರವಾಸಲೇಖಕರು ಅಲ್ಲಿನ ಸೋಕಲೋ ಚೌಕದ ಮಹಾ ಇಗರ್ಜಿಯನ್ನು ವರ್ಣಿಸುವ ರೀತಿ ಬಹುಮಟ್ಟಿಗೆ ಒಂದೇ ಅಚ್ಚಿನದು. ವಿಶಾಲವಾದ ಚೌಕ, ಅದರ ಉತ್ತರಕ್ಕೆ ಜೋಡಿ ಗೋಪುರಗಳು, ಒಳಗೆ ಚಿನ್ನದ ಮೆರುಗಿನ ಪೀಠ, ಆಹಾ ಸ್ಪೇನಿನವರ ಕೌಶಲವೇ! ಯಾರಾದರೂ ಆಕ್ಷೇಪಿಸಿದರೆ ಸಿದ್ಧವಾದ ಉತ್ತರವೂ ಇರುವುದು: ಕಲೆಯನ್ನು ಕಲೆಯಾಗಿಯೇ ನೋಡಬೇಕು, ಹಳೆಯ ಗಾಯವನ್ನು ಕೆದಕಬಾರದು. ಈ ಮಾತನ್ನು ನಾವು ಒಪ್ಪಲಾರೆವು.

ಕಟ್ಟಡದ ಹಿರಿಮೆಯನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. 1573ರಲ್ಲಿ ತೊಡಗಿದ ಕೆಲಸ 1813ರಲ್ಲಿ ಮುಗಿಯಿತು. ಕ್ಲಾಡಿಯೋ ದೆ ಆರ್ಸಿನಿಯೇಗನ ನಕ್ಷೆಯ ಮೇಲೆ ತಲೆಮಾರುಗಳು ದುಡಿದವು. ಕಡೆಗೆ ಮಾನುವೆಲ್ ತೊಲ್ಸಾನು ಗುಮ್ಮಟವನ್ನು ಪೂರೈಸಿದನು. 240 ವರ್ಷಗಳ ಬಗೆಬಗೆಯ ಅಭಿರುಚಿಗಳು ಒಂದೆಡೆ ಸೇರಿದ್ದರೂ ಕಣ್ಣಿಗೆ ಕಿರಿಕಿರಿಯಾಗದು. ಆದರೆ ಕಲ್ಲು ಹೊತ್ತವರಾರು? ಕಡ್ಡಾಯದ ದುಡಿಮೆಗೆ ಹಿಡಿಯಲ್ಪಟ್ಟ ಆ ನೆಲದ ಮೂಲನಿವಾಸಿಗಳು. 1521ರಲ್ಲಿ ಕೋರ್ತೆಸನ ಪಡೆ ಅವರ ಟೆನೋಚ್‌ಟಿಟ್ಲಾನ್ ನಗರವನ್ನು ಗೆದ್ದು ಹಾಳುಗೆಡವಿತು. ಅಲ್ಲಿನ ದೇವಾಲಯಗಳ ಕಲ್ಲುಗಳೇ ಹೊಸ ನಗರದ ಗೋಡೆಗಳಿಗೆ ಒದಗಿದವು.

ಗಾಯವನ್ನು ಕೆದಕಬೇಡಿರೆನ್ನುವವರು ನೆಲಕ್ಕೂ ಹಾಗೆಯೇ ಅಪ್ಪಣೆ ಕೊಡಬಲ್ಲರೇನು? 1790ರಲ್ಲಿ ಚೌಕವನ್ನು ಅಗೆಯುವಾಗ ಸೂರ್ಯಶಿಲೆ ಮೇಲೆದ್ದಿತು. ಅದನ್ನು ಇಗರ್ಜಿಯ ಪಡುಗೋಪುರದ ಗೋಡೆಯಲ್ಲೇ ನಿಲ್ಲಿಸಿದರು. 1885ರವರೆಗೆ ಅದು ಅಲ್ಲಿಯೇ ಇದ್ದಿತು. 1978ರಲ್ಲಿ ವಿದ್ಯುತ್ ಕೆಲಸದವರ ಗುದ್ದಲಿಗೆ ಕೊಯೊಲ್ಶಾವ್ಕಿ ಎಂಬ ದೇವತೆಯ ದುಂಡುಶಿಲೆ ತಗುಲಿತು. ಅಲ್ಲಿಂದ ಮುಂದುವರಿದ ಉತ್ಖನನದಲ್ಲಿ ಬಯಲಾದ ಅಜ್ಟೆಕರ ಮಹಾದೇವಾಲಯದ ಅವಶೇಷವು ಇಂದು ಇಗರ್ಜಿಯ ಮಗ್ಗುಲಲ್ಲಿಯೇ ಇದೆ.

ಇದಕ್ಕೂ ಮಿಗಿಲಾದ ಸಾಕ್ಷಿ ಇಗರ್ಜಿಯ ಅಡಿಯಲ್ಲಿದೆ. ಆ ನಗರ ನಿಂತಿರುವುದು ಹಳೆಯ ಟೆಕ್ಸ್‌ಕೋಕೋ ಸರೋವರದ ಜೇಡಿಯ ಮೇಲೆ. ಅಂತರ್ಜಲವನ್ನು ಎತ್ತಿದಂತೆಲ್ಲ ಜೇಡಿ ಕುಗ್ಗಿ ನೆಲ ಕುಸಿಯುವುದು. ಎಲ್ಲೆಡೆಯೂ ಸಮನಾಗಿ ಕುಸಿದಿದ್ದರೆ ಅಷ್ಟು ಭಯವಿರಲಿಲ್ಲ. ಆದರೆ ಪುರಾತನ ಕಟ್ಟಡಗಳ ಭಾರಕ್ಕೆ ಮೊದಲೇ ಅದುಮಿ ಗಟ್ಟಿಯಾದೆಡೆಯಲ್ಲಿ ಅದು ಕಡಮೆ ಕುಗ್ಗುತ್ತದೆ, ಉಳಿದೆಡೆ ಹೆಚ್ಚು. ಆದುದರಿಂದಲೇ ಇಗರ್ಜಿ ವಾಲಿತು, ಗೋಡೆಗಳು ಬಿರುಕುಬಿಟ್ಟವು. ಎಂಜಿನಿಯರರು 1990ರ ದಶಕದಲ್ಲಿ ಅಡಿಯಲ್ಲಿ ಬಾವಿಗಳನ್ನು ತೋಡಿ, ಎತ್ತರವಾಗಿ ಉಳಿದ ಭಾಗಗಳ ಕೆಳಗಿನ ಜೇಡಿಯನ್ನು ಸ್ವಲ್ಪಸ್ವಲ್ಪವಾಗಿ ತೆಗೆದು, ಓರೆಯನ್ನು ತಗ್ಗಿಸಬೇಕಾಯಿತು. ಕೆಡವಿದ ಗುಡಿಗಳ ಭಾರವು ಶತಮಾನಗಳ ಮೇಲೂ ಗೆದ್ದವರ ಗೋಡೆಯನ್ನು ಬಾಗಿಸುತ್ತಿರುವಾಗ, ಆ ಗುಡಿಗಳ ಮಾತೆತ್ತದೆ ಈ ಶಿಲ್ಪವನ್ನು ವಿವರಿಸುವ ಬಗೆಯೆಂತು? ಚರಿತ್ರೆಯನ್ನು ಬದಿಗಿಟ್ಟವರಿಗೆ ಒಂದು ಬಿರುಕಿನ ಅರ್ಥವೂ ಆಗದು.

ದಬ್ಬಾಳಿಕೆಯ ಗುರುತೆಂದು ಒಳಗೆ ಕಾಲಿಡದೆ ಮರಳುವ ಶೂರರೂ ಉಂಟು. ಅವರ ಪಕ್ಷವೂ ನಮ್ಮದಲ್ಲ. 1967ರ ಬೆಂಕಿಯಲ್ಲಿ ಕ್ಷಮೆಯ ಪೀಠಕ್ಕೆ ಹಾನಿಯಾದಾಗ ಅದನ್ನು ಜೀರ್ಣೋದ್ಧಾರ ಮಾಡಿಕೊಂಡವರು ಸ್ವತಂತ್ರ ಮೆಕ್ಸಿಕೋದವರೇ ಹೊರತು ಸ್ಪೇನಿನ ಅರಸರಲ್ಲ. ಅಲ್ಲಿ ಮೊಣಕಾಲೂರುವವರಲ್ಲಿ ಸೋತವರ ವಂಶದವರೂ ಇದ್ದಾರೆ. ಅವರ ಪರವಾಗಿ ಮುನಿಯಲು ಹೊರಗಿನವರಿಗೆ ಅಧಿಕಾರವಿತ್ತವರಾರು?

ಒಳಗೆ ಗುಮ್ಮಟದಿಂದ ಇಳಿಬಿಟ್ಟ ತೂಗುಗುಂಡೊಂದಿದೆ. ಕಟ್ಟಡ ಶತಮಾನಗಳಿಂದ ವಾಲುತ್ತ ಬಂದ ದಾರಿಯನ್ನು ಅದರ ಕೆಳಗೆ ನೆಲದ ಮೇಲೆ ಗುರುತಿಸಿದ್ದಾರೆ. ಚಿನ್ನದ ಪೀಠಕ್ಕೆ ಪುಟಗಟ್ಟಲೆ ಮೀಸಲಿಡುವ ನಮ್ಮ ಲೇಖಕರಲ್ಲಿ ಎಷ್ಟು ಮಂದಿ ಅದರ ಮುಂದೆ ಒಂದು ಗಳಿಗೆ ನಿಂತರು?