ಮುನಿದವರ ತವರು

2021ರ ಮೇ 2ರಂದು ಬೆಳಗಾವಿ ಲೋಕಸಭಾ ಉಪಚುನಾವಣೆಯ ಮತ ಎಣಿಕೆ ಮುಗಿದಾಗ ಬಿಜೆಪಿಯ ಮಂಗಲಾ ಅಂಗಡಿಯವರು ಗೆದ್ದದ್ದು 5,240 ಮತಗಳಿಂದ. ಎರಡೇ ವರ್ಷದ ಹಿಂದೆ ಅವರ ಪತಿ ಸುರೇಶ ಅಂಗಡಿ ಇದೇ ಕ್ಷೇತ್ರವನ್ನು 3.91 ಲಕ್ಷದ ಅಂತರದಲ್ಲಿ ಗೆದ್ದಿದ್ದರು. ಕಾಂಗ್ರೆಸ್ಸಿನ ಸತೀಶ ಜಾರಕಿಹೊಳಿ ಗೆಲುವಿನ ಹೊಸ್ತಿಲಿಗೆ ಬಂದು ಹಿಂದೆ ಸರಿದರು. ಗೆದ್ದ ಮತ್ತು ಸೋತ ಪಕ್ಷಗಳೆರಡೂ ಅವತ್ತು ಕಣ್ಣಿಟ್ಟು ನೋಡಿದ್ದು ಮೂರನೆಯವರ ಅಂಕಿಯನ್ನು. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯ ಶುಭಂ ಶೆಳಕೆ 1,17,174 ಮತ ಪಡೆದಿದ್ದರು.

ಆ ಒಂದು ಲಕ್ಷ ಹದಿನೇಳು ಸಾವಿರ ಜನ ಯಾರು? ಕಾಂಗ್ರೆಸ್ಸಿಗೆ ಜನ್ಮದಲ್ಲಿ ಮತ ಹಾಕದವರು ಅವರಲ್ಲಿ ಬಹಳ ಮಂದಿ ಎಂಬುದು ನನ್ನ ಅಂದಾಜು. ದಿಲ್ಲಿಗೆ ಮೋದಿ ಬೇಕು, ಅಯೋಧ್ಯೆಯಲ್ಲಿ ಮಂದಿರ ಬೇಕು, ಗಣೇಶೋತ್ಸವದ ಮಂಡಳಿಯಲ್ಲಿ ಮುಂದೆ ನಿಂತು ದುಡಿಯುವವರು. ಆದರೂ ಅವತ್ತು ಗುಂಡಿ ಒತ್ತಿದ್ದು ಬೇರೆ ಕಡೆ. ಇಂಥವರನ್ನು ಚಹಾದಂಗಡಿಯಲ್ಲಿ ಯಾರಾದರೂ ಹುಡುಗರು, "ಕಾಕಾ, ನಿಮ್ಮಿಂದ ಸೀಟು ಹೋಗ್ತಿತ್ತಲ್ರೀ" ಎಂದು ಕೆಣಕಿದರೆ ಬರಬಹುದಾದ ಉತ್ತರ ಇಷ್ಟೇ: "ಹೋಗಲಿಲ್ಲಲ್ಲೋ ತಮ್ಮಾ. ಹೋಗೂ ಹಂಗ ಮಾಡಿದ್ವಿ, ಅಷ್ಟ."

ಆ "ಅಷ್ಟ" ಎಂಬುದರಲ್ಲಿ ಒಂದು ರಾಜಕೀಯ ಶಾಸ್ತ್ರವೇ ಅಡಗಿದೆ.

ಸಿಟ್ಟಿನ ಬೇರು ಹುಡುಕಲು ಪೀರನವಾಡಿಗೆ ಬರಬೇಕು. ಬೆಳಗಾವಿ ನಗರ ಮುಗಿಯುತ್ತ ಬಂದು, ಉದ್ಯಮಬಾಗದ ಕಾರ್ಖಾನೆಗಳು ಹಿಂದೆ ಸರಿದ ಮೇಲೆ ಸಿಗುವ ಊರು. ಇಲ್ಲಿಂದ ಒಂದು ದಾರಿ ಖಾನಾಪುರಕ್ಕೆ, ಇನ್ನೊಂದು ಜಾಂಬೋಟಿಗೆ. ಮನೆಯೊಳಗೆ ಮರಾಠಿ, ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಆಡುವ ಜನ. 2020ರ ಆಗಸ್ಟ್ ಕೊನೆಯ ವಾರದ ಒಂದು ರಾತ್ರಿ ಇಲ್ಲಿನ ವೃತ್ತದಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ಎದ್ದಿತು. ಅದು ಶಿವಾಜಿ ಮಹಾರಾಜರ ವೃತ್ತ ಎಂದು ಮರಾಠಿಗರು ಬೀದಿಗೆ ಬಂದರು, ಪೊಲೀಸರು ಲಾಠಿ ಬೀಸಿದರು. ಕೊನೆಗೆ ಎಡಿಜಿಪಿ ಅಮರ್ ಕುಮಾರ್ ಪಾಂಡೆ ಎರಡೂ ಕಡೆಯವರನ್ನು ಕೂಡಿಸಿ ಮಾತಾಡಿದ ಮೇಲೆ ರಾಜಿ ಆಯಿತು. ಪ್ರತಿಮೆ ರಾಯಣ್ಣನದು, ವೃತ್ತದ ಹೆಸರು ಶಿವಾಜಿಯದು.

ಇಬ್ಬರೂ ವೀರರು. ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ ಪಕ್ಕದ ಖಾನಾಪುರ ತಾಲೂಕಿನಲ್ಲಿದೆ. 1831ರ ಜನವರಿ 26ರಂದು ಬ್ರಿಟಿಷರು ಅವನನ್ನು ನೇಣಿಗೆ ಹಾಕಿದರು. ಹಿಂದೂ ಅಭಿಮಾನದ ಮೇಲೆ ನಿಂತ ಪಕ್ಷಕ್ಕೆ ಇಬ್ಬರೂ ಬೇಕು, ಇಬ್ಬರ ಭಕ್ತರೂ ಬೇಕು. ಆಗ ಬೆಂಗಳೂರಿನಲ್ಲಿ ಯಡಿಯೂರಪ್ಪನವರ ಸರಕಾರ. ರಾಯಣ್ಣ ತಮ್ಮವನೆನ್ನುವ ಕುರುಬರ ಕೇರಿಯಿಂದ ಒಂದು ಕೂಗು, ಮರಾಠರ ಗಲ್ಲಿಯಿಂದ ಇನ್ನೊಂದು. ಎರಡೂ ಅದೇ ಪಕ್ಷದ ಬಾಗಿಲಿಗೆ ಬಂದವು. ಮೂರು ತಿಂಗಳೊಳಗೆ, ಅದೇ ನವೆಂಬರಿನಲ್ಲಿ, ಸರಕಾರ 50 ಕೋಟಿ ರೂಪಾಯಿಯ ಮರಾಠಾ ಅಭಿವೃದ್ಧಿ ನಿಗಮ ಘೋಷಿಸಿತು. ಕನ್ನಡ ಸಂಘಟನೆಗಳು ಕೆರಳಿ ಡಿಸೆಂಬರ್ 5ರಂದು ಬಂದ್ ಮಾಡಿದವು. ಮರಾಠಿಗನ ಮುನಿಸು ತಣಿಸಲು ಹೋದರೆ ಕನ್ನಡಿಗ ಮುನಿಯುತ್ತಾನೆ. ಇಬ್ಬರೂ ತಮ್ಮವರೇ ಆದಾಗ ಆಳುವ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಪೀಕಲಾಟ ಇಲ್ಲ.

ಇಷ್ಟಾದ ಮೇಲೆ ಬಂದದ್ದು 2021ರ ಏಪ್ರಿಲ್‌ನ ಉಪಚುನಾವಣೆ. ಮುಂಬಯಿಯಿಂದ ಶಿವಸೇನೆಯ ಸಂಜಯ ರಾವುತ್ ಸಮಿತಿಯ ಪರ ಬಂದರು, ದೇವೇಂದ್ರ ಫಡಣವೀಸ್ ಬಿಜೆಪಿ ಪರ ಬಂದರು. 2019ರ ತನಕ ಒಂದೇ ಪಂಗ್ತಿಯಲ್ಲಿ ಕೂತಿದ್ದ ಎರಡು ಹಿಂದುತ್ವವಾದಿ ಪಕ್ಷಗಳ ಜಗಳ ಬೆಳಗಾವಿಯ ಗಲ್ಲಿಗಳಲ್ಲಿ ನಡೆಯಿತು.

ಇದೇ ತಳಮಳವನ್ನು ಅಮೆರಿಕದ ರಿಪಬ್ಲಿಕನ್ನರು 2016ರಲ್ಲಿ ಉಂಡವರು. ಡೊನಾಲ್ಡ್ ಟ್ರಂಪ್ ಅಭ್ಯರ್ಥಿಯಾದಾಗ ಹಳೆಯ ಸಂಪ್ರದಾಯವಾದಿಗಳು ಮನೆಮನೆಯಲ್ಲಿ ಕಚ್ಚಾಡಿದರು. ಟ್ರಂಪ್‌ಗೆ ಹಾಕದ ಮತ ಹಿಲರಿಗೆ ಹಾಕಿದಂತೆ ಎಂಬುದು ಒಂದು ವಾದ. ಪಕ್ಷ ದೊಡ್ಡದೋ, ಪಕ್ಷ ನಂಬಿದ ತತ್ವ ದೊಡ್ಡದೋ ಎಂಬುದು ಇನ್ನೊಂದು. ಕ್ಲೀವ್‌ಲ್ಯಾಂಡಿನ ಅಧಿವೇಶನದಲ್ಲಿ ಸೆನೆಟರ್ ಟೆಡ್ ಕ್ರೂಜ್ ತಮ್ಮ ಪಕ್ಷದ ಅಭ್ಯರ್ಥಿಯ ಬೆಂಬಲಕ್ಕೆ ನಿಲ್ಲದೆ, ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ ಎಂದಾಗ ಸಭೆ ಗೇಲಿ ಮಾಡಿ ಕೂಗಿತು. ಸೆಪ್ಟೆಂಬರಿನಲ್ಲಿ ಅವರೇ ಟ್ರಂಪ್ ಪರ ನಿಂತರು. ಯೂಟಾ ರಾಜ್ಯದಲ್ಲಿ ಮಾತ್ರ ಸಿಟ್ಟಿಗೆ ಒಂದು ದಾರಿ ಸಿಕ್ಕಿತು. ಅಲ್ಲಿನ ಮಾರ್ಮನ್ ಸಂಪ್ರದಾಯಸ್ಥರಲ್ಲಿ ಅನೇಕರು ಡೆಮಾಕ್ರಟಿಕ್ ಪಕ್ಷದತ್ತ ಕಾಲಿಡಲಾರದೆ ಪಕ್ಷೇತರ ಇವಾನ್ ಮೆಕ್‌ಮಲಿನ್‌ಗೆ ಮತ ಹಾಕಿದರು. ಅವರಿಗೆ ಸಿಕ್ಕದ್ದು ಶೇ 21ಕ್ಕಿಂತ ಹೆಚ್ಚು. ಶೆಳಕೆಗೆ ಮತ ಹಾಕಿದ ಬೆಳಗಾವಿಯ ಅನಗೋಳದ ಗೃಹಸ್ಥರಿಗೆ ಯೂಟಾದವರ ಪರಿಚಯ ಇಲ್ಲ. ಇಬ್ಬರನ್ನೂ ಎದುರುಬದುರು ಕೂಡಿಸಿದರೆ ಅರ್ಧ ಗಂಟೆಯಲ್ಲಿ ಸ್ನೇಹಿತರಾದಾರು.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಸಾಮಾನ್ಯ ಮತದಾರನೇ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳುತ್ತಾನೆ. ಪ್ರೈಮರಿಯಲ್ಲಿ ಅಭ್ಯರ್ಥಿಯನ್ನು ಆರಿಸುವವನೂ ಅವನೇ. ಜಗಳಕ್ಕೆ ಮನೆಯೊಳಗೇ ಒಂದು ಅಂಗಳ ಇದೆ. 2024ರಲ್ಲಿ ಟ್ರಂಪ್ ಎದುರು ನಿಂತಿದ್ದ ನಿಕ್ಕಿ ಹ್ಯಾಲಿ ಮಾರ್ಚ್ ಮೊದಲ ವಾರದಲ್ಲೇ ಕಣ ಬಿಟ್ಟಿದ್ದರು. ಏಪ್ರಿಲ್ ಕೊನೆಗೆ ಪೆನ್ಸಿಲ್ವೇನಿಯಾದ ಪ್ರೈಮರಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ರಿಪಬ್ಲಿಕನ್ನರು ಕಣದಲ್ಲೇ ಇಲ್ಲದ ಆಕೆಗೆ ಮತ ಹಾಕಿದರು. ಗೆಲ್ಲಿಸಲು ಹಾಕಿದ ಮತ ಅಲ್ಲ ಅದು, ಅಸಮಾಧಾನದ ಲೆಕ್ಕ ಕೊಟ್ಟದ್ದು. ನವೆಂಬರಿನಲ್ಲಿ ಟ್ರಂಪ್ ಅದೇ ರಾಜ್ಯವನ್ನು ಸುಮಾರು 1.2 ಲಕ್ಷದಿಂದ ಗೆದ್ದರು. ಏಪ್ರಿಲ್‌ನಲ್ಲಿ ಮುಖ ತಿರುಗಿಸಿದವರು ಒಟ್ಟಾಗಿ ಎದುರು ಪಾಳೆಯಕ್ಕೆ ಹೋಗಿದ್ದರೆ ಆ ಗೆಲುವು ಉಳಿಯುತ್ತಿರಲಿಲ್ಲ.

ನಮ್ಮಲ್ಲಿ ಪ್ರೈಮರಿ ಎಲ್ಲಿಂದ ಬರಬೇಕು? ಟಿಕೆಟ್ ದಿಲ್ಲಿಯಿಂದ ಇಳಿಯುತ್ತದೆ, ಕೆಲವೊಮ್ಮೆ ನಾಮಪತ್ರದ ಕೊನೆಯ ದಿನ ಹತ್ತಿರ ಬಂದಾಗ. ಮತದಾರ ಬೇಡ ಎನ್ನಬೇಕಾದರೆ ಮತದಾನದ ದಿನವೇ ಎನ್ನಬೇಕು, ಅದೂ ಯಂತ್ರದ ಮುಂದೆ ನಿಂತು. ಆಗ ಅವನ ಮುಂದಿರುವುದು ಮನೆಯಲ್ಲಿ ಕೂರುವುದು, ನೋಟಾ ಒತ್ತುವುದು, ಇಲ್ಲವೇ ಶತ್ರುಪಕ್ಷಕ್ಕೆ ಹೋಗುವುದು. ಬೆಳಗಾವಿಯ ಮರಾಠಿ ಮತದಾರನಿಗೆ ಮಾತ್ರ ನಾಲ್ಕನೆಯ ಬಾಗಿಲು ಇದೆ. ಮುನಿದು ತವರಿಗೆ ಹೋದ ಸೊಸೆ ಮನೆ ಬಿಟ್ಟವಳಲ್ಲ. ಕರೆಯಲು ಬರುತ್ತಾರೋ ಇಲ್ಲವೋ ನೋಡಲು ಹೋದವಳು. ಸಮಿತಿ ಅಂಥ ತವರು.

ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಒಂದು ಸಣ್ಣ ಪುಸ್ತಕ ಬರೆದ. ಬರ್ಲಿನ್ನಿನಲ್ಲಿ ಹುಟ್ಟಿ, ನಾತ್ಸಿಗಳಿಂದ ತಪ್ಪಿಸಿಕೊಂಡು, ಫ್ರಾನ್ಸಿನಿಂದ ಇತರರನ್ನೂ ಪಾರು ಮಾಡಿಸಿದವನು. ಬಿಟ್ಟು ಹೋಗುವುದು ಎಂದರೇನೆಂದು ಮೈಮೇಲೆ ಅನುಭವಿಸಿದವನು. ಅವನ ಪ್ರಕಾರ ಕೆಟ್ಟುಹೋಗುತ್ತಿರುವ ಸಂಸ್ಥೆಯ ಮುಂದೆ ಜನಕ್ಕೆ ಎರಡು ದಾರಿ: ಎದ್ದು ಹೋಗುವುದು, ಅಥವಾ ಇದ್ದು ದನಿ ಎತ್ತುವುದು. ನಿಷ್ಠೆ ಇದ್ದವನು ಬೇಗ ಎದ್ದು ಹೋಗುವುದಿಲ್ಲ, ಆದ್ದರಿಂದಲೇ ಅವನ ದನಿಗೆ ಬೆಲೆ. ಆದರೆ ಇವನು ಎಂದೂ ಹೋಗಲಾರ ಎಂದು ಯಜಮಾನನಿಗೆ ಖಾತ್ರಿಯಾದ ದಿನ ದನಿಯನ್ನೂ ಯಾರೂ ಕೇಳರು. ಹೋಗಬಲ್ಲೆ ಎಂದು ತೋರಿಸಬೇಕು, ಹೋಗಿಯೇಬಿಡಬಾರದು. ಬೆಳಗಾವಿಯ ಕಾಕಾನ "ಅಷ್ಟ" ಎಂಬುದನ್ನು ಹರ್ಷ್‌ಮನ್ ಒಂದಿಡೀ ಪುಸ್ತಕದಲ್ಲಿ ವಿವರಿಸಿದ್ದಾನೆ.

ಹೋಗಿಯೇಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. 1912ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ರಿಪಬ್ಲಿಕನ್ ಪಕ್ಷ ಒಡೆದು ನಿಂತರು. ಅವರಿಗೆ ಶೇ 27, ಅಧ್ಯಕ್ಷ ಟ್ಯಾಫ್ಟ್‌ಗೆ ಶೇ 23. ಶೇ 42ರಷ್ಟು ಪಡೆದ ವಿಲ್ಸನ್ ಅಧ್ಯಕ್ಷರಾದರು. ಸರಿಯಾಗಿ ನೂರು ವರ್ಷದ ಮೇಲೆ, 2012ರ ಡಿಸೆಂಬರಿನಲ್ಲಿ, ಯಡಿಯೂರಪ್ಪ ಹಾವೇರಿಯಲ್ಲಿ ಕೆಜೆಪಿ ಕಟ್ಟಿದರು. 2013ರಲ್ಲಿ ಬಿಜೆಪಿ 40ಕ್ಕೆ ಇಳಿಯಿತು, ಕೆಜೆಪಿಗೆ ಸಿಕ್ಕಿದ್ದು 6, ಸಿದ್ದರಾಮಯ್ಯ ಮುಖ್ಯಮಂತ್ರಿಯಾದರು. ಅದೇ ಬಿರುಕಿನ ವರ್ಷ ಬೆಳಗಾವಿ ದಕ್ಷಿಣದಲ್ಲಿ ಸಮಿತಿಯ ಸಂಭಾಜಿ ಪಾಟೀಲರು ಬಿಜೆಪಿಯ ಅಭಯ ಪಾಟೀಲರನ್ನು ಸೋಲಿಸಿದರು; ಖಾನಾಪುರದಲ್ಲಿ ಸಮಿತಿಯ ಅರವಿಂದ ಪಾಟೀಲರು ಗೆದ್ದರು. 2018ಕ್ಕೆ ಖಾನಾಪುರದಲ್ಲಿ ತವರುಮನೆಯೇ ಇಬ್ಭಾಗವಾಗಿ ಎರಡು ಬಣ ನಿಂತವು, ಕಾಂಗ್ರೆಸ್ಸಿನ ಅಂಜಲಿ ನಿಂಬಾಳ್ಕರ್ ಐದು ಸಾವಿರ ಚಿಲ್ಲರೆ ಮತಗಳಿಂದ ಗೆದ್ದುಬಂದರು. 2023ರಲ್ಲಿ ಬಿಜೆಪಿಯ ವಿಠ್ಠಲ ಹಲಗೇಕರ್ ಅದೇ ಕ್ಷೇತ್ರವನ್ನು 50 ಸಾವಿರಕ್ಕೂ ಹೆಚ್ಚು ಅಂತರದಿಂದ ಕಸಿದುಕೊಂಡರು. ಐದು ವರ್ಷದಲ್ಲಿ ಊರಿನ ಜನ ಬದಲಾಗಿರಲಿಲ್ಲ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಸಮಿತಿ ಹುಟ್ಟಿದ್ದು ಹಿಂದುತ್ವದ ಹಿತ್ತಿಲ ಬಾಗಿಲಾಗಿ ಅಲ್ಲ. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲದಲ್ಲಿ ಎಸ್.ಎಂ. ಜೋಶಿಯವರಂಥ ಸಮಾಜವಾದಿಗಳೂ ಡಾಂಗೆಯವರಂಥ ಕಮ್ಯುನಿಸ್ಟರೂ ಮುಂದಾಳುಗಳು. ಭಾಷೆಯೊಂದೇ ಅವರನ್ನು ಹಿಡಿದಿಟ್ಟಿತ್ತು. ಆದರೆ 2023ರಲ್ಲಿ ಬೆಳಗಾವಿ ದಕ್ಷಿಣದಲ್ಲಿ ಸಮಿತಿ ಕಣಕ್ಕಿಳಿಸಿದ್ದು ರಮಾಕಾಂತ ಕೊಂಡುಸ್ಕರ್ ಅವರನ್ನು. ಅವರು ಶ್ರೀರಾಮ ಸೇನಾ ಹಿಂದುಸ್ತಾನದ ನಾಯಕ. ಬಿಜೆಪಿಯ ಅಭಯ ಪಾಟೀಲರು ಸುಮಾರು 12 ಸಾವಿರದಿಂದ ಗೆದ್ದರು, ಕಾಂಗ್ರೆಸ್ ಹೆಚ್ಚುಕಡಿಮೆ ನೋಡುಗನಾಗಿ ಉಳಿಯಿತು. ಎರಡೂ ಕಡೆ ಕೇಸರಿ. ಅಮೆರಿಕದವರು ಇದನ್ನು ನೋಡಿದ್ದರೆ ಪ್ರೈಮರಿ ಎಂದೇ ಕರೆಯುತ್ತಿದ್ದರು.

ಮುನಿಸಿನ ಮಾತು ಬಿಜೆಪಿಗೆ ಕೇಳಿಸಿತೇ? ಕೇಳಿಸಿತು ಅನ್ನಬೇಕು. 2021ರ ಸೆಪ್ಟೆಂಬರಿನಲ್ಲಿ, ಲೋಕಸಭೆಯ ಆಘಾತದ ನಾಲ್ಕೇ ತಿಂಗಳಲ್ಲಿ, ಬೆಳಗಾವಿ ಪಾಲಿಕೆಗೆ ಮೊದಲ ಸಲ ಪಕ್ಷದ ಚಿಹ್ನೆಗಳ ಮೇಲೆ ಚುನಾವಣೆ ನಡೆದು 58ರಲ್ಲಿ 35 ಸ್ಥಾನ ಬಿಜೆಪಿಗೆ ಬಂದವು. ದಶಕಗಳ ಕಾಲ ಪಾಲಿಕೆ ಆಳಿದ ಸಮಿತಿಗೆ ಬೆರಳೆಣಿಕೆಯಷ್ಟು. 2023ರ ಫೆಬ್ರುವರಿಯಲ್ಲಿ ಬಿಜೆಪಿ ಮೇಯರ್ ಆಗಿ ಆರಿಸಿದ್ದು ಮರಾಠಿ ಮನೆಮಾತಿನ ಶೋಭಾ ಸೋಮನಾಚೆ ಅವರನ್ನು. ಭಾಷೆಗಾಗಿ ತವರಿಗೆ ಹೋದವರಿಗೆ ಗಂಡನ ಮನೆಯವರೇ ಮರಾಠಿಯಲ್ಲಿ ಮಾತಾಡಿಸಿದರು. ನನಗೆ ಸಮಿತಿಯ ಬೇಡಿಕೆಯ ಬಗ್ಗೆ ಕಿಂಚಿತ್ತೂ ಸಹಾನುಭೂತಿ ಇಲ್ಲ, 1967ರಲ್ಲಿ ಮಹಾಜನ ಆಯೋಗ ಬೆಳಗಾವಿಯ ಮಾತು ಮುಗಿಸಿದೆ ಎಂದು ನಂಬಿದವನು ನಾನು. ಆದರೂ ಅದರ ಮತದಾರನ ಚಾಣಾಕ್ಷತನವನ್ನು ಮೆಚ್ಚದೆ ವಿಧಿಯಿಲ್ಲ.

ನಿಷ್ಠೆಯ ಮಾತು ಬಂದಾಗ ನಾಯಕರನ್ನು ನೋಡಿದರೆ ನಗು ಬರುತ್ತದೆ. ಜಗದೀಶ ಶೆಟ್ಟರ್ 2023ರ ಏಪ್ರಿಲ್‌ನಲ್ಲಿ ಟಿಕೆಟ್ ಸಿಗದೆ ಕಾಂಗ್ರೆಸ್ಸಿಗೆ ಹೋದರು, ಹುಬ್ಬಳ್ಳಿಯಲ್ಲಿ ಸೋತರು, 2024ರ ಜನವರಿಯಲ್ಲಿ ಮರಳಿದರು, ಕೆಲವೇ ವಾರಗಳಲ್ಲಿ ಬೆಳಗಾವಿಯ ಲೋಕಸಭಾ ಅಭ್ಯರ್ಥಿ. ಹೊರಗಿನವರು ಬೇಡ ಎಂದು ಬೆಳಗಾವಿಯ ಕಾರ್ಯಕರ್ತರು ಗೊಣಗಿದರು. ಆದರೆ ಜೂನ್ 4ರಂದು ಅವರ ಗೆಲುವಿನ ಅಂತರ 1.78 ಲಕ್ಷ. ಮೂರು ವರ್ಷದ ಹಿಂದೆ ಲಕ್ಷ ದಾಟಿದ್ದ ಸಮಿತಿಯ ಮತ ಕೆಲವೇ ಸಾವಿರಕ್ಕೆ ಕುಸಿದಿತ್ತು. ಪಕ್ಷಾಂತರ ತಡೆಯಲು 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿಸಿದ್ದು ಗೆದ್ದ ನಾಯಕರಿಗಾಗಿ. ಮತದಾರನನ್ನು ಕಟ್ಟಿಹಾಕುವ ಕಾನೂನು ಯಾವುದೂ ಇಲ್ಲ. ಅವನು ತಾನಾಗಿ ಮರಳಿ ಬಂದಿದ್ದ.

ಈಗಿನ ಕೊರತೆ ಬೇರೆಯದು. ಮುನಿಸನ್ನು ಅಗ್ಗದಲ್ಲಿ ತೋರಿಸಲು ಇದ್ದ ಜಾಗ ಜಿಲ್ಲಾ ಮತ್ತು ತಾಲೂಕು ಪಂಚಾಯತಿ. ಅಲ್ಲಿ ತಪ್ಪು ಮತ ಹಾಕಿದರೆ ದಿಲ್ಲಿಯ ಸರಕಾರ ಬೀಳದು, ಬೆಂಗಳೂರಿನದೂ ಬೀಳದು. ಆದರೆ ತಾಲೂಕಿನ ನಾಯಕನ ನಿದ್ದೆ ಕೆಡುತ್ತದೆ. ಕರ್ನಾಟಕದಲ್ಲಿ ಆ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ಕ್ಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ಮೀಸಲಾತಿ, ಕ್ಷೇತ್ರ ಪುನರ್‌ವಿಂಗಡಣೆ, ಕೋರ್ಟು ಎನ್ನುತ್ತ ವರ್ಷಗಳು ಉರುಳಿದವು. ಬಿಜೆಪಿ ಸರಕಾರ ಇದ್ದಾಗಲೂ ನಡೆಯಲಿಲ್ಲ, ಕಾಂಗ್ರೆಸ್ ಬಂದಾಗಲೂ ತಡವಾಯಿತು. ಪೀರನವಾಡಿಯ ಸುತ್ತಲಿನ ಹಳ್ಳಿಗಳ, ನಂದಗಡ ಜಾಂಬೋಟಿಗಳ ಮತದಾರನಿಗೆ ತನ್ನ ಪಕ್ಷವನ್ನು ಹೆದರಿಸಲು ಈಗ ಉಳಿದಿರುವುದು ವಿಧಾನಸಭೆ ಮತ್ತು ಲೋಕಸಭೆ. ಅಷ್ಟು ದೊಡ್ಡ ಚುನಾವಣೆಯಲ್ಲಿ ಸುಮ್ಮನೆ ಹೆದರಿಸಲು ಹೋದವನ ಕೈಯಿಂದ ಸೀಟು ನಿಜವಾಗಿಯೂ ಜಾರಿ ಹೋಗಬಹುದು; 2021ರಲ್ಲಿ ಬೆಳಗಾವಿಯಲ್ಲಿ ಆ ಸೋಲು 5,240 ಮತಗಳಷ್ಟು ದೂರದಲ್ಲಿತ್ತು.