ಬೆಳಗಾವಿಯಿಂದ ಮೈಸೂರಿಗೆ ಎಷ್ಟು ಹೊತ್ತು?

ಕಳೆದ ವರ್ಷದ ಕಿರುಪರೀಕ್ಷೆಯೊಂದರಲ್ಲಿ ನಾವು ಹೀಗೊಂದು ಪ್ರಶ್ನೆಯನ್ನು ಕೊಟ್ಟಿದ್ದೆವು: ಬೆಳಗಾವಿಯ ಸಾಂಬ್ರಾ ವಿಮಾನನಿಲ್ದಾಣದಿಂದ ಮೈಸೂರಿನ ಮಂಡಕಳ್ಳಿ ವಿಮಾನನಿಲ್ದಾಣಕ್ಕೆ ನೇರ ದೂರ 460 ಕಿಲೋಮೀಟರು, ವಿಮಾನದ ವೇಗ ಗಂಟೆಗೆ 500 ಕಿಲೋಮೀಟರು, ಪ್ರಯಾಣಕ್ಕೆ ಹಿಡಿಯುವ ಕಾಲವೆಷ್ಟು? ತರಗತಿಯವರೆಲ್ಲರೂ ಭಾಗಾಕಾರ ಮಾಡಿ 55 ನಿಮಿಷವೆಂದು ಬರೆದರು. ಒಬ್ಬ ವಿದ್ಯಾರ್ಥಿನಿ ಮಾತ್ರ, ಗಾಳಿಯ ವಿಚಾರವನ್ನು ತಿಳಿಸಿಲ್ಲವಾದ್ದರಿಂದ ಉತ್ತರ ಹೇಳಲಾಗದೆಂದು ಬರೆದಿದ್ದಳು. ಆಕೆಗೆ ನಾವು ಸೊನ್ನೆ ಕೊಟ್ಟೆವು. ಆ ಸೊನ್ನೆ ನ್ಯಾಯವಾದುದಲ್ಲವೆಂದು ಈಗ ನಮ್ಮ ಅಭಿಪ್ರಾಯ.

ದೂರದ ವಿಷಯದಲ್ಲಿ ತಕರಾರಿಲ್ಲ. ಎರಡು ಸ್ಥಳಗಳ ಅಕ್ಷಾಂಶಗಳಿಗಿರುವ ಅಂತರ 3.63 ಡಿಗ್ರಿ, ಡಿಗ್ರಿಗೆ 111 ಕಿಲೋಮೀಟರಿನಂತೆ 403 ಕಿಲೋಮೀಟರು. ರೇಖಾಂಶಗಳ ಅಂತರ 2.04 ಡಿಗ್ರಿ, ಇದನ್ನು 14 ಡಿಗ್ರಿಯ ಕೊಸೈನಿನಿಂದಲೂ ಗುಣಿಸಿದರೆ 220 ಕಿಲೋಮೀಟರು. ಇಷ್ಟು ಕಿರಿದಾದ ಭೂಭಾಗವನ್ನು ಚಪ್ಪಟೆಯೆಂದು ಭಾವಿಸಿದರೆ ಬಾಧಕವಿಲ್ಲ. ಪೈಥಾಗೊರಸನ ಪ್ರಮೇಯದಿಂದ 460 ಕಿಲೋಮೀಟರು ಬರುತ್ತದೆ.

ಕಾಲದ ವಿಚಾರ ಹಾಗಲ್ಲ. ಪ್ರೊಪೆಲ್ಲರುಗಳುಳ್ಳ ಎಟಿಆರ್ ಜಾತಿಯ ವಿಮಾನವು 500 ಕಿಲೋಮೀಟರಿನ ವೇಗದಲ್ಲಿ ಚಲಿಸುವುದು ಎತ್ತರದಲ್ಲಿ ಸಮವಾಗಿ ಹಾರುವಾಗ ಮಾತ್ರ. ಏರುವಾಗಲೂ ನೆಲಕ್ಕಿಳಿಯಲು ಬರುವಾಗಲೂ ವೇಗ ಕಡಿಮೆ. ಇನ್ನೊಂದು ಸ್ವಾರಸ್ಯವಿದೆ. ಮೈಸೂರು ಇರುವುದು ಬೆಳಗಾವಿಗೆ ಆಗ್ನೇಯದಲ್ಲಿ. ಆದರೆ ಎರಡೂ ನಿಲ್ದಾಣಗಳ ರನ್‌ವೇಗಳು ಚಾಚಿಕೊಂಡಿರುವುದು ಸರಿಸುಮಾರು ಪೂರ್ವಪಶ್ಚಿಮವಾಗಿ. ವಿಮಾನವು ಗಾಳಿಗೆ ಎದುರಾಗಿ ಮೇಲೇರಬೇಕಷ್ಟೆ. ಮುಂಗಾರಿನ ಪಡುವಣ ಗಾಳಿ ಬೀಸುವಾಗ ಅದು ಸಮುದ್ರದ ಕಡೆಗೆ ಮುಖಮಾಡಿ ಏರಿ, ಬಳಿಕ ತಿರುಗಿ ಮೈಸೂರಿನ ದಾರಿ ಹಿಡಿಯುತ್ತದೆ. ಇದಲ್ಲದೆ ವೇಳಾಪಟ್ಟಿಯ ಲೆಕ್ಕವು ವಿಮಾನವು ನಿಂತ ಜಾಗದಿಂದ ಕದಲಿದಾಗಲೇ ಆರಂಭವಾಗುತ್ತದೆ.

ಗಾಳಿಯದು ಇನ್ನೂ ಸೂಕ್ಷ್ಮವಾದ ವಿಷಯ. ಗಂಟೆಗೆ 500 ಕಿಲೋಮೀಟರೆಂಬುದು ಗಾಳಿಗೆ ಸಾಪೇಕ್ಷವಾದ ವೇಗ, ನೆಲಕ್ಕೆ ಸಾಪೇಕ್ಷವಾದುದಲ್ಲ. ಹೋಗುವಾಗ ನೇರ ಹಿಂದಿನಿಂದ ಗಂಟೆಗೆ 100 ಕಿಲೋಮೀಟರಿನ ಗಾಳಿ ಬೀಸುತ್ತಿದೆಯೆನ್ನೋಣ. ಏರಿಳಿತಗಳನ್ನು ಬಿಟ್ಟರೆ 46 ನಿಮಿಷಗಳಲ್ಲಿ ಮೈಸೂರು ಸೇರಬಹುದು. ಅದೇ ಗಾಳಿಗೆ ಎದುರಾಗಿ ಮರಳಲು 69 ನಿಮಿಷ ಬೇಕು. ಹೋಗುವಾಗ ಆದ ಲಾಭ ಬರುವಾಗಿನ ನಷ್ಟಕ್ಕೆ ಸರಿಹೋಗುವುದೆಂದು ವಾಚಕರು ಊಹಿಸಿದ್ದರೆ, ಕೂಡಿ ನೋಡಲಿ: 115 ನಿಮಿಷ! ಗಾಳಿಯೇ ಇಲ್ಲದಿದ್ದರೆ 110 ನಿಮಿಷಗಳಲ್ಲಿ ಹೋಗಿಬರಬಹುದಿತ್ತು. ಕಾರಣ ಸರಳ. ನೆರವಾಗುವ ಗಾಳಿಯಲ್ಲಿ ವಿಮಾನವಿರುವುದು ಅಲ್ಪಕಾಲ. ಅಡ್ಡಿಯಾಗುವ ಗಾಳಿಯಲ್ಲಿ ದೀರ್ಘಕಾಲ.

ಇಷ್ಟೆಲ್ಲವನ್ನೂ ಎಳೆಯರ ತಲೆಯಲ್ಲಿ ತುಂಬಬೇಕೇ ಎಂದು ನಮ್ಮ ಸಹೋದ್ಯೋಗಿಗಳು ಕೇಳುತ್ತಾರೆ. ಬೇಡವೆಂದೇ ನಾವೂ ಹೇಳುತ್ತೇವೆ. ಸರಳಗೊಳಿಸದೆ ಭೌತಶಾಸ್ತ್ರವು ಒಂದು ಹೆಜ್ಜೆಯನ್ನೂ ಇಡಲಾರದು. ಆದರೆ ಏನನ್ನು ಕೈಬಿಟ್ಟಿದ್ದೇವೆಂಬುದನ್ನು ಹೇಳಿ ಕೈಬಿಡಬೇಕು. "ಗಾಳಿ ನಿಶ್ಚಲವಾಗಿದೆ, ಏರಿಳಿತಗಳನ್ನು ಗಣಿಸಬೇಡಿ" ಎಂಬ ಒಂದು ಸಾಲನ್ನು ಅಚ್ಚು ಮಾಡಿದ್ದರೆ ಪ್ರಶ್ನೆಪತ್ರಿಕೆಯೇನೂ ಭಾರವಾಗುತ್ತಿರಲಿಲ್ಲ. ಅದಿಲ್ಲದಿದ್ದಾಗ, ಪುಸ್ತಕದ ವಿಮಾನವೇ ಬೇರೆ, ಆಕಾಶದ ವಿಮಾನವೇ ಬೇರೆ ಎಂದು ವಿದ್ಯಾರ್ಥಿಗಳು ತಿಳಿಯುತ್ತಾರೆ. ಪುಸ್ತಕದ್ದು ಪರೀಕ್ಷೆಗೆ ಸಾಕೆಂದು ಸುಮ್ಮನಾಗುತ್ತಾರೆ. ಆ ವಿದ್ಯಾರ್ಥಿನಿ ಸುಮ್ಮನಾಗಲಿಲ್ಲ. ಅದಕ್ಕೇ ನಾವು ದಂಡ ವಿಧಿಸಿದಂತಾಯಿತು.

ಅಂಕಪಟ್ಟಿಯನ್ನು ತಿದ್ದುವ ಕಾಲ ಮೀರಿಹೋಗಿದೆ. ಈ ವರ್ಷ ಅದೇ ಪ್ರಶ್ನೆಯನ್ನು ಗಾಳಿಯ ವೇಗ ಮತ್ತು ದಿಕ್ಕುಗಳನ್ನು ಸೇರಿಸಿ ಕೊಟ್ಟಿದ್ದೇವೆ; ಮರಳಿ ಬರುವ ಕಾಲವನ್ನೂ ಕೇಳಿದ್ದೇವೆ.